ಮುಂಬೈಯಲ್ಲಿ ಸಮುದ್ರದ ಪಕ್ಕ ಒಂದು ಗಂಟೆ: ಯಾವ ದಾರಿ ಯಾರಿಗೆ?

ಊರಿಂದ ನೆಂಟರು ಬಂದ ಎರಡನೇ ದಿನಕ್ಕೆ ಮುಂಬೈ ಕನ್ನಡಿಗರ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಸಂಜೆ ಸಮುದ್ರದ ಕಡೆ ಹೋಗಿ ಬರೋಣ. ಸರಿ, ಯಾವ ಕಡೆ? ಮರೀನ್ ಡ್ರೈವ್ ಅಂತ ಭಾವ, ಶಾರುಖ್ ಮನೆ ನೋಡಬೇಕು ಅಂತ ಮಕ್ಕಳು, ಎಲ್ಲಾದ್ರೂ ಸರಿ ಜಾಸ್ತಿ ನಡೆಸಬೇಡಿ ಅಂತ ಅತ್ತೆ. ಕೊನೆಗೆ ಯಾವ ಹೆಸರು ಜೋರಾಗಿ ಕೇಳಿದೆಯೋ ಅಲ್ಲಿಗೇ ಎಲ್ಲರೂ ಹೊರಡುತ್ತಾರೆ. ಹೋದಮೇಲೆ ಗೊತ್ತಾಗುತ್ತದೆ, ಸೂರ್ಯ ಗುಡ್ಡದ ಹಿಂದೆ ಹೋಗಿಬಿಟ್ಟಿದ್ದಾನೆ, ನೀರು ಎಲ್ಲೋ ದೂರದಲ್ಲಿದೆ, ಅತ್ತೆಗೆ ಕೂರಲು ಜಾಗವಿಲ್ಲ.

ಹೆಸರು ನೋಡಿ ಆರಿಸಿದರೆ ಹೀಗೇ ಆಗೋದು. ಜೊತೆಯಲ್ಲಿ ಯಾರಿದ್ದಾರೆ, ಎಷ್ಟು ಹೊತ್ತಿಗೆ ತಲುಪುತ್ತೀರಿ, ವಾಪಸ್ ಬರಲು ಯಾವ ರೈಲು ಹಿಡಿಯಬೇಕು, ಇಷ್ಟು ನೋಡಿಕೊಂಡರೆ ದಾರಿ ತಾನಾಗಿಯೇ ಗೊತ್ತಾಗುತ್ತದೆ.

ಇಲ್ಲಿ ನಾನು ಹೇಳುತ್ತಿರುವುದು ಕಲ್ಲು ಹಾಸಿದ, ಚಪ್ಪಲಿ ಕೈಯಲ್ಲಿ ಹಿಡಿಯಬೇಕಿಲ್ಲದ ದಾರಿಗಳ ಬಗ್ಗೆ ಮಾತ್ರ. ಜುಹು, ವರ್ಸೋವಾ, ಆಕ್ಸಾ ಎಲ್ಲ ಮರಳಿನ ಬೀಚು, ಅವು ಈ ಲೆಕ್ಕಕ್ಕಿಲ್ಲ. ಕರಾವಳಿಯಿಂದ ಬಂದವರಿಗಂತೂ ಜುಹು ತೋರಿಸಬೇಡಿ. ಕುಂದಾಪುರದಿಂದ ಬಂದ ನನ್ನ ಚಿಕ್ಕಮ್ಮ ಜುಹುವಿನ ಮರಳನ್ನು ಒಂದು ನಿಮಿಷ ನೋಡಿ, "ಇದನ್ನ ನೋಡಲಿಕ್ಕೆ ಮತ್ಸ್ಯಗಂಧ ರೈಲು ಹತ್ತಿ ಬರ್ಬೇಕಿತ್ತಾ ಮಾರಾಯ, ಮರವಂತೆ ಇಲ್ವಾ ನಮ್ಗೆ?" ಅಂದರು. ಉತ್ತರ ಕೊಡೋಕಾಗಲಿಲ್ಲ. ಅದೇ ಚಿಕ್ಕಮ್ಮ ಮರುದಿನ ಮರೀನ್ ಡ್ರೈವ್‌ನ ಕಟ್ಟೆ ಬಿಟ್ಟು ಏಳಲಿಲ್ಲ. ಸಮುದ್ರ ಅವರಿಗೆ ಹೊಸದಲ್ಲ. ಪಟ್ಟಣದ ಫುಟ್‌ಪಾತ್ ಮೇಲೆ ಕೂತು ಸಮುದ್ರ ನೋಡುವುದು ಹೊಸದು.

ಮರೀನ್ ಡ್ರೈವ್

ನರೀಮನ್ ಪಾಯಿಂಟ್‌ನಿಂದ ಗಿರಗಾಂವ್ ಚೌಪಾಟಿ ದಾಟಿ ಮಲಬಾರ್ ಹಿಲ್ ಬುಡದವರೆಗೆ ಸುಮಾರು ಮೂರೂವರೆ ಕಿಲೋಮೀಟರ್. ಪೂರ್ತಿ ನಡೆದರೆ ಮುಕ್ಕಾಲು ಗಂಟೆ, ಕೂತು ಎದ್ದು ಹೋದರೆ ಒಂದೂವರೆ. ಇಡೀ ಜಾಗ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ್ದು. ಅಡಿಗಲ್ಲು ಹಾಕಿದ್ದು 1915ರಲ್ಲಿ. ರಸ್ತೆಯ ಆಚೆ ಬದಿಯ ದುಂಡು ಬಾಲ್ಕನಿಯ ಕಟ್ಟಡಗಳು ಆರ್ಟ್ ಡೆಕೊ ಶೈಲಿಯವು, 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಂಪಿಗೆ ಸೇರಿದವು. ಹಾಗಾಗಿ ಇಲ್ಲಿ ನಡೆಯುವಾಗ ಎರಡೂ ಕಡೆ ನೋಡಲು ಇದೆ. ಬೇರೆ ಯಾವ ದಾರಿಗೂ ಈ ಭಾಗ್ಯ ಇಲ್ಲ.

ಇದರ ದೊಡ್ಡ ಗುಣ ಕಟ್ಟೆ. ಉದ್ದಕ್ಕೂ ಕೂರಬಹುದಾದ ಅಗಲದ ಕಾಂಕ್ರೀಟ್ ಕಟ್ಟೆ ಇದೆ. ವಯಸ್ಸಾದವರು ಜೊತೆಯಲ್ಲಿದ್ದರೆ ಇದಕ್ಕಿಂತ ಒಳ್ಳೆ ಜಾಗ ಮುಂಬೈಯಲ್ಲಿಲ್ಲ ಅನ್ನುತ್ತೇನೆ. ಹತ್ತು ಹೆಜ್ಜೆ ನಡೆದು ಸಾಕಾಯಿತು ಅಂದರೆ ಅಲ್ಲೇ ಕೂರಬಹುದು. ಮೆಟ್ಟಿಲು ಹತ್ತಬೇಕಿಲ್ಲ, ಬೆಂಚಿಗೆ ಕಾಯಬೇಕಿಲ್ಲ. ದಾರಿ ಸಪಾಟಾಗಿದೆ, ಅಗಲವಾಗಿದೆ. ನಾಲ್ಕು ಜನ ಸಾಲಾಗಿ ನಡೆದರೂ ಎದುರಿನವರು ಬೈಯುವುದಿಲ್ಲ.

ಕಟ್ಟೆಯ ಆಚೆ ಕೆಳಗೆ ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳು ಒಂದರ ಮೇಲೊಂದು ಬಿದ್ದಿವೆ, ಟೆಟ್ರಾಪಾಡ್ ಅಂತ. ಅಲೆಯ ಹೊಡೆತ ಮುರಿಯುವುದು ಅವುಗಳ ಕೆಲಸ. ಅಲೆ ಬಂದು ಅವುಗಳ ಸಂದಿಗೆ ನುಗ್ಗುತ್ತದೆ, ಒಳಗೆಲ್ಲೋ ಗುಳುಗುಳು ಅನ್ನುತ್ತದೆ, ಹತ್ತಾರು ಕಡೆಯಿಂದ ಸೋರಿ ಹಿಂದಕ್ಕೆ ಹೋಗುತ್ತದೆ. ಏಡಿಗಳು ಅಡ್ಡಡ್ಡ ಓಡಿ ಮರೆಯಾಗುತ್ತವೆ. ಫೋಟೋಕ್ಕೆ ಅಂತ ಹುಡುಗರು ಅದರ ಮೇಲೆ ಇಳಿಯುತ್ತಾರೆ, ನೀವು ಇಳಿಯಬೇಡಿ. ಪಾಚಿ ಕಟ್ಟಿ ಜಾರುತ್ತದೆ, ಸಂದಿಗೆ ಬಿದ್ದರೆ ಎತ್ತುವುದು ಕಷ್ಟ.

ಈಗ ಸೂರ್ಯನ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ಹೋದವರು ಪೆಚ್ಚಾಗುತ್ತಾರೆ. ಮರೀನ್ ಡ್ರೈವ್ ಬಿಲ್ಲಿನ ಹಾಗೆ ಬಾಗಿದೆ, ಅದರ ಪಶ್ಚಿಮಕ್ಕೆ ಮಲಬಾರ್ ಹಿಲ್ ಚಾಚಿಕೊಂಡಿದೆ. ಚೌಪಾಟಿ ತುದಿಯಲ್ಲಿ ನಿಂತರೆ ವರ್ಷದ ಯಾವ ದಿನವೂ ಸೂರ್ಯ ನೀರಿಗೆ ಇಳಿಯುವುದು ಕಾಣುವುದಿಲ್ಲ, ಗುಡ್ಡದ ಹಿಂದೆ ಹೋಗುತ್ತಾನೆ. ಮಧ್ಯದಲ್ಲಿ, ಅಂದರೆ ಮರೀನ್ ಲೈನ್ಸ್ ಎದುರು ನಿಂತರೆ ಚಳಿಗಾಲದಲ್ಲಿ ಕಾಣುತ್ತದೆ, ಏಕೆಂದರೆ ಆಗ ಸೂರ್ಯ ನೈಋತ್ಯಕ್ಕೆ ವಾಲಿರುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಯೂ ಗುಡ್ಡ ಅಡ್ಡ. ಮಕ್ಕಳ ರಜೆಗೆ ಬಂದ ನೆಂಟರನ್ನು ಮೇ ತಿಂಗಳಲ್ಲಿ ಕರೆದುಕೊಂಡು ಹೋಗುವುದಾದರೆ ನರೀಮನ್ ಪಾಯಿಂಟ್ ತುದಿಗೇ ಹೋಗಿ. ಎನ್‌ಸಿಪಿಎ ಕಟ್ಟಡದ ಹತ್ತಿರ ಹೋದಷ್ಟೂ ಗುಡ್ಡ ಬಲಕ್ಕೆ ಸರಿಯುತ್ತದೆ, ಸಮುದ್ರ ತೆರೆದುಕೊಳ್ಳುತ್ತದೆ. ಕತ್ತಲಾದ ಮೇಲೆ ಅದೇ ತುದಿಯಿಂದ ಬಾಗಿದ ದೀಪಗಳ ಸಾಲು ಪೂರ್ತಿ ಕಾಣುತ್ತದೆ. ರಾಣಿಯ ಹಾರ ಅಂತ ಹೆಸರು ಬಂದದ್ದು ಅದಕ್ಕೇ.

ದೋಷ ಇಲ್ಲದಿಲ್ಲ. ಬೆನ್ನ ಹಿಂದೆ ಕಾರುಗಳ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ. ಅಲೆಯ ಸದ್ದು ಕೇಳಲು ಬಂದವರಿಗೆ ಬೇಜಾರಾಗುತ್ತದೆ. ವಾಂಖೆಡೆಯಲ್ಲಿ ಮ್ಯಾಚ್ ಇದ್ದ ದಿನ ಚರ್ಚ್‌ಗೇಟ್ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಅನಂತ ಚತುರ್ದಶಿಯ ದಿನ ಚೌಪಾಟಿ ಪೂರ್ತಿ ಗಣಪತಿ ವಿಸರ್ಜನೆಗೆ. ಅದನ್ನು ನೋಡಲೆಂದೇ ಹೋಗುವುದಾದರೆ ಸರಿ, ಸುಮ್ನೆ ವಾಕಿಂಗಿಗೆ ಅಂತ ಹೋಗಬೇಡಿ.

ಹೋಗುವುದು ಸುಲಭ. ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್ ಮೂರೂ ಸ್ಟೇಷನ್‌ಗಳಿಂದ ನಡೆದು ಹೋಗಬಹುದು. ಒಂದು ಎಚ್ಚರಿಕೆ: ಫಾಸ್ಟ್ ಲೋಕಲ್ ಮುಂಬೈ ಸೆಂಟ್ರಲ್ ಬಿಟ್ಟರೆ ಸೀದಾ ಚರ್ಚ್‌ಗೇಟ್‌ನಲ್ಲೇ ನಿಲ್ಲುವುದು. ಚರ್ನಿ ರೋಡ್‌ನಲ್ಲಿ ಇಳಿಯಬೇಕಿದ್ದರೆ ಸ್ಲೋ ಹಿಡಿಯಿರಿ. 2025ರ ಅಕ್ಟೋಬರ್‌ನಿಂದ ಮೆಟ್ರೋ 3 ಕಫ್ ಪರೇಡ್‌ವರೆಗೂ ಓಡುತ್ತಿದೆ, ಚರ್ಚ್‌ಗೇಟ್‌ನಲ್ಲೂ ಅದರ ನಿಲ್ದಾಣ ಇದೆ. ಅಂಧೇರಿ, ಸಾಂತಾಕ್ರೂಜ್ ಕಡೆಯವರಿಗೆ ಎಸಿಯಲ್ಲಿ ಕೂತು ಬರುವ ಸುಖ. ಡೊಂಬಿವಲಿ, ಠಾಣೆ ಕಡೆಯವರು ಸಿಎಸ್‌ಎಂಟಿಯಲ್ಲಿ ಇಳಿದು ಬಸ್ಸೋ ಟ್ಯಾಕ್ಸಿಯೋ ಹಿಡಿಯುವುದು ಒಳ್ಳೆಯದು. ಭಾನುವಾರ ಹಗಲು ಮೆಗಾ ಬ್ಲಾಕ್, ಅಂದರೆ ಹಳಿ ಕೆಲಸಕ್ಕೆ ಅಂತ ರೈಲು ನಿಲ್ಲಿಸುವುದು, ಇದೆಯಾ ಅಂತ ನೋಡಿಕೊಂಡೇ ಹೊರಡಿ.

ಕೋಸ್ಟಲ್ ರೋಡಿನ ಹೊಸ ದಾರಿ

ಇದು ಎಲ್ಲದಕ್ಕಿಂತ ಹೊಸದು. ಕೋಸ್ಟಲ್ ರೋಡ್ ಮಾಡುವಾಗ ಸಮುದ್ರದ ಅಂಚಿಗೆ ನಡೆಯುವವರಿಗೆ ಅಂತ ಬೇರೆ ದಾರಿ ಬಿಟ್ಟಿದ್ದಾರೆ. ಪ್ರಿಯದರ್ಶಿನಿ ಪಾರ್ಕ್ ಕಡೆಯಿಂದ ಹಾಜಿ ಅಲಿ ಮೇಲೆ ವರ್ಲಿವರೆಗೆ ಒಟ್ಟು ಏಳೂವರೆ ಕಿಲೋಮೀಟರ್ ಯೋಜನೆ. ಅದರಲ್ಲಿ ಐದು ಕಿಲೋಮೀಟರ್‌ಗೂ ತುಸು ಜಾಸ್ತಿ 2025ರ ಆಗಸ್ಟ್ 15ರಂದು ಜನರಿಗೆ ತೆರೆಯಿತು. ಅಗಲ ಸುಮಾರು 20 ಮೀಟರ್. ಮರೀನ್ ಡ್ರೈವ್ ನೋಡಿ ಅಗಲ ಅಂದುಕೊಂಡವರು ಇಲ್ಲಿ ಬಂದು ನೋಡಬೇಕು.

ಬಿರುಸಾಗಿ ನಡೆಯುವವರಿಗೆ, ಓಡುವವರಿಗೆ ಇದು ಹೇಳಿ ಮಾಡಿಸಿದ್ದು. ಸಿಗ್ನಲ್ ಇಲ್ಲ, ಅಡ್ಡ ಬರುವ ಗಾಡಿ ಇಲ್ಲ, ಭೇಲ್‌ಪುರಿ ತಿನ್ನುತ್ತ ದಾರಿಗೆ ಅಡ್ಡ ನಿಂತವರಿಲ್ಲ. ಡಾಕ್ಟರು ದಿನಾ ಇಷ್ಟು ನಡೆಯಿರಿ ಅಂತ ಬರೆದುಕೊಟ್ಟಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಹಾಜಿ ಅಲಿ ದರ್ಗಾ ಕೂಡ ಇಲ್ಲಿಂದ ನೋಡಲು ಚೆಂದ. ದರ್ಗಾಕ್ಕೆ ಹೋಗುವ ಕಾಲುದಾರಿ ಉಬ್ಬರ ಬಂದಾಗ ಮುಳುಗುತ್ತದೆ. ಆಗ ಬಿಳಿ ಗುಮ್ಮಟ ಒಂದೇ ನೀರಿನ ನಡುವೆ ಉಳಿಯುತ್ತದೆ.

ಆದರೆ ನೆಂಟರನ್ನು ಕರೆದುಕೊಂಡು ಹೋಗಲು ನಾನಂತೂ ಇದನ್ನು ಮೊದಲು ಹೇಳುವುದಿಲ್ಲ. ಒಳಗೆ ಹೋಗಬೇಕೆಂದರೆ ಹೆದ್ದಾರಿಯ ಕೆಳಗೆ ಅಂಡರ್‌ಪಾಸ್ ಇಳಿದು ಹತ್ತಬೇಕು. ಅದು ಎಲ್ಲೆಂದರಲ್ಲಿ ಇಲ್ಲ. ಒಂದು ಕಡೆ ಒಳಹೊಕ್ಕ ಮೇಲೆ ಸುಸ್ತಾಯಿತು ಅಂದರೆ ಪಕ್ಕಕ್ಕೆ ಹೊರಬಂದು ಟ್ಯಾಕ್ಸಿ ಹಿಡಿಯಲು ಆಗುವುದಿಲ್ಲ, ಮುಂದಿನ ಅಂಡರ್‌ಪಾಸ್‌ವರೆಗೆ ನಡೆಯಲೇಬೇಕು. ನೆರಳು ಇಲ್ಲ. ನೆಟ್ಟ ಗಿಡಗಳು ಮರವಾಗಲು ವರ್ಷಗಳೇ ಬೇಕು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕಾಂಕ್ರೀಟು ಕಾದಿರುತ್ತದೆ. ತಿಂಡಿ, ಚಹಾ ಅಂತ ಹುಡುಕಬೇಡಿ, ನೀರಿನ ಬಾಟಲಿ ಮನೆಯಿಂದಲೇ ತನ್ನಿ. ಟಾಯ್ಲೆಟ್ ವಿಷಯ ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಜಾಣತನ.

ಇನ್ನೊಂದು ಸಂಗತಿ, ಇದು ನನ್ನ ಸ್ವಂತ ಅಭಿಪ್ರಾಯ. ಇಲ್ಲಿ ನೀರು ಕಾಣುತ್ತದೆ, ಆದರೆ ಹತ್ತಿರ ಅನ್ನಿಸುವುದಿಲ್ಲ. ದಾರಿ ಎತ್ತರದಲ್ಲಿದೆ, ನಡುವೆ ಕಲ್ಲಿನ ರಾಶಿ ಇದೆ. ನಡೆಯಲು ಹತ್ತಕ್ಕೆ ಹತ್ತು, ಸಮುದ್ರದ ಜೊತೆ ಕೂರಲು ಐದು.

ವರ್ಲಿ ಸೀ ಫೇಸ್

ಹಳೆಯ ವರ್ಲಿ ಸೀ ಫೇಸ್ ಬೇರೆ, ಕೋಸ್ಟಲ್ ರೋಡಿನ ದಾರಿ ಬೇರೆ. ಮೊದಲೆಲ್ಲ ಇಲ್ಲಿ ಅಲೆ ಸೀದಾ ಕಟ್ಟೆಗೆ ಬಡಿಯುತ್ತಿತ್ತು. ಈಗ ಕೆಲವು ಕಡೆ ನಡುವೆ ಕೋಸ್ಟಲ್ ರೋಡ್ ಬಂದು ಕೂತಿದೆ. ಅದಕ್ಕೆ ಬೇಸರಪಟ್ಟುಕೊಂಡವರಲ್ಲಿ ನಾನೂ ಒಬ್ಬ. ಆದರೂ ಉತ್ತರದ ತುದಿಯಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್ ಕಾಣುವ ನೋಟಕ್ಕೆ ಸಾಟಿ ಇಲ್ಲ. 5.6 ಕಿಲೋಮೀಟರಿನ ಆ ಸೇತುವೆ ಸಂಚಾರಕ್ಕೆ ತೆರೆದದ್ದು 2009ರಲ್ಲಿ. ಅದರ ಮೇಲೆ ನಡೆಯಲು ಬಿಡುವುದಿಲ್ಲ, ಬೈಕಿಗೂ ಪ್ರವೇಶ ಇಲ್ಲ. ಹಾಗಾಗಿ ಬೈಕಿನಲ್ಲಿ ಓಡಾಡುವವರಿಗೆ ಸೀ ಲಿಂಕ್ ದಕ್ಕುವುದು ಹೀಗೆ ದಡದಿಂದಲೇ.

ಇಲ್ಲಿ ಒಂದು ಕಂಚಿನ ಪ್ರತಿಮೆ ಇದೆ: ಚೌಕಳಿ ಕೋಟು, ಧೋತಿ, ದುಂಡು ಕನ್ನಡಕ, ಬೋಳು ತಲೆಯ ಎರಡೂ ಪಕ್ಕ ಒಂದಿಷ್ಟು ಕೂದಲು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ದಶಕಗಟ್ಟಲೆ ಪತ್ರಿಕೆಯ ಮುಖಪುಟದಲ್ಲಿ ತುಟಿ ಬಿಚ್ಚದೆ ಎಲ್ಲವನ್ನೂ ನೋಡುತ್ತ ನಿಂತವನು ಇಲ್ಲಿಯೂ ಹಾಗೇ ನಿಂತಿದ್ದಾನೆ. ಮೈಸೂರು ಕಡೆಯ ನೆಂಟರಿದ್ದರೆ ಇಲ್ಲೊಂದು ಫೋಟೋ ತೆಗೆಯದೆ ಬಿಡಬೇಡಿ.

ವರ್ಲಿಯ ಗುಣ ಅಂದರೆ ಜನ ಕಮ್ಮಿ. ವಾರದ ದಿನ ಸಂಜೆ ಇಲ್ಲಿ ಬರುವವರು ಬಹಳ ಮಟ್ಟಿಗೆ ಸುತ್ತಮುತ್ತ ಮನೆ ಇದ್ದವರು. ಗಲಾಟೆ ಇಲ್ಲದೆ ಮಾತಾಡುತ್ತ ನಡೆಯಬೇಕು ಅನ್ನುವ ಗಂಡ-ಹೆಂಡತಿಗೆ, ಹಳೇ ಸ್ನೇಹಿತರಿಗೆ ಒಳ್ಳೆ ಜಾಗ. ಸೂರ್ಯ ವರ್ಷಪೂರ್ತಿ ಸಮುದ್ರದ ಕಡೆಯೇ ಮುಳುಗುತ್ತಾನೆ, ಅಡ್ಡಲಾಗಿ ಗುಡ್ಡ ಇಲ್ಲ. ತೊಂದರೆ ಅಂದರೆ ಸ್ಟೇಷನ್ ಹತ್ತಿರ ಇಲ್ಲ. ಯಾವ ಲೋಕಲ್ ಇಳಿದರೂ ಮುಂದೆ ಬಸ್ಸು ಅಥವಾ ಟ್ಯಾಕ್ಸಿ ಬೇಕು. ರಿಕ್ಷಾ ಇಲ್ಲಿಗೆ ಬರುವುದಿಲ್ಲ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ರಿಕ್ಷಾಗಳಿಗೆ ಪರವಾನಗಿ ಇಲ್ಲ ಅನ್ನುವುದನ್ನು ಹೊಸಬರು ಮರೆಯುತ್ತಾರೆ. ಕಾಲೀ ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯ ಕನಿಷ್ಠ ದರ 2025ರ ಫೆಬ್ರವರಿಯಲ್ಲಿ 31 ರೂಪಾಯಿ ಆಯಿತು, ರಿಕ್ಷಾದ್ದು 26. ಮೂರು ನಾಲ್ಕು ಜನ ಇದ್ದರೆ ಟ್ಯಾಕ್ಸಿ ಜಾಸ್ತಿ ಏನೂ ಅನ್ನಿಸುವುದಿಲ್ಲ.

ಬ್ಯಾಂಡ್‌ಸ್ಟ್ಯಾಂಡೋ, ಕಾರ್ಟರ್ ರೋಡೋ?

ಬಾಂದ್ರಾದ ಈ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಎರಡರ ಉದ್ದವೂ ಒಂದು ಕಿಲೋಮೀಟರಿಗಿಂತ ತುಸು ಜಾಸ್ತಿ, ಎರಡರಲ್ಲೂ ಸಿನಿಮಾದವರ ಮನೆಗಳು, ಎರಡಕ್ಕೂ ಬಾಂದ್ರಾ ಸ್ಟೇಷನ್ನಿಂದ ರಿಕ್ಷಾ. ಹೋಲಿಕೆ ಅಷ್ಟಕ್ಕೇ ಮುಗಿಯಿತು.

ಬ್ಯಾಂಡ್‌ಸ್ಟ್ಯಾಂಡ್ ಬಂಡೆಯ ದಡ. ಇಳಿತದ ಹೊತ್ತಿಗೆ ಕರಿ ಬಂಡೆಗಳು ದೂರದವರೆಗೆ ಬಿಚ್ಚಿಕೊಳ್ಳುತ್ತವೆ, ನಡುನಡುವೆ ನಿಂತ ನೀರಿನಲ್ಲಿ ಸಣ್ಣ ಮೀನು, ಏಡಿ. ಮಕ್ಕಳಿಗೆ ಇದು ದೊಡ್ಡ ಆಟ. ದಕ್ಷಿಣದ ತುದಿಯಲ್ಲಿ ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕೋಟೆಯ ಉಳಿಕೆ ಇದೆ. ಅಲ್ಲಿ ಹತ್ತಿ ನಿಂತರೆ ಸೀ ಲಿಂಕ್ ಪಕ್ಕದಲ್ಲೇ, ವರ್ಲಿಯಲ್ಲಿ ಎದುರಿಗೆ ಕಂಡದ್ದು ಇಲ್ಲಿ ಓರೆಯಾಗಿ ಕಾಣುತ್ತದೆ. ಕೋಟೆಗೆ ಮೆಟ್ಟಿಲಿದೆ, ಮಂಡಿ ನೋವಿನವರು ಕೆಳಗೇ ಉಳಿಯಬೇಕಾಗುತ್ತದೆ.

ಶಾರುಖ್ ಮನೆ ಮನ್ನತ್ ಎದುರು ಏನಾಗುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ? ಗೇಟಿನ ಮುಂದೆ ಫೋನ್ ಎತ್ತಿ ಹಿಡಿದ ಗುಂಪು ಯಾವಾಗಲೂ ಇರುತ್ತದೆ. ಶನಿವಾರ, ಭಾನುವಾರ ಅದು ರಸ್ತೆಗೂ ಚೆಲ್ಲುತ್ತದೆ. ನೆಂಟರ ಮಕ್ಕಳ ಆಸೆ ಅದೇ ಆದರೆ ವಾರದ ನಡುವೆ ಬೆಳಗ್ಗೆ ಕರೆದುಕೊಂಡು ಹೋಗಿ ಮುಗಿಸಿ. ನಡೆಯುವ ದಾರಿ ಮರೀನ್ ಡ್ರೈವ್‌ಗಿಂತ ಕಿರಿದು. ಜೋಡಿಗಳು ಬಂಡೆಯ ಕಡೆ ಮುಖ ಮಾಡಿ ಕೂತಿರುತ್ತಾರೆ, ಅವರ ಪಾಡಿಗೆ ಅವರು. ಆದರೆ ಊರಿನ ದೊಡ್ಡವರು ಜೊತೆಯಲ್ಲಿದ್ದರೆ ಎಲ್ಲರೂ ದಿಢೀರಂತ ಸಿಮೆಂಟು ಕಟ್ಟಡಗಳನ್ನು ಮೆಚ್ಚಿಕೊಳ್ಳಲು ಶುರು ಮಾಡುತ್ತಾರೆ.

ಬಂಡೆಯ ಮೇಲೆ ಇಳಿಯುವ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನೀರು ಹಿಂದೆ ಸರಿದಾಗ ದೂರ ಹೋಗಿ ಕೂತವರು ನೀರು ತಿರುಗಿದ್ದನ್ನು ಗಮನಿಸುವುದಿಲ್ಲ. ಉಬ್ಬರ ಎದುರಿನಿಂದಷ್ಟೇ ಬರುವುದಿಲ್ಲ, ಬಂಡೆಗಳ ಸಂದಿಯಲ್ಲಿ ಸುತ್ತಿ ಬಂದು ಹಿಂದಿನ ದಾರಿಯನ್ನೂ ಮುಚ್ಚುತ್ತದೆ. ಮಳೆಗಾಲದಲ್ಲಿ ಇಲ್ಲಿ ಅಲೆಗೆ ಸಿಕ್ಕಿ ಜೀವ ಹೋದದ್ದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ಬಿಟ್ಟು ಇಳಿಯಲೇಬೇಡಿ.

ಕಾರ್ಟರ್ ರೋಡ್ ಇದಕ್ಕೆ ತದ್ವಿರುದ್ಧ, ಅದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ದಡ. ದಾರಿಗೂ ನೀರಿಗೂ ನಡುವೆ ಹಸಿರು. ಇಳಿತದಲ್ಲಿ ಬಗ್ಗಿ ನೋಡಿದರೆ ಕೆಸರಿನಿಂದ ನೂರಾರು ಸಣ್ಣ ಬೇರುಗಳು ನೆಟ್ಟಗೆ ಮೇಲಕ್ಕೆ ಎದ್ದಿರುತ್ತವೆ. ಕೆಸರಿನೊಳಗೆ ಗಾಳಿ ಸಿಗದ ಕಾರಣ ಬೇರುಗಳೇ ಮೇಲೆ ಬಂದು ಉಸಿರಾಡುತ್ತವೆ. ಕೊಕ್ಕರೆಗಳು ಅವುಗಳ ನಡುವೆ ಕಾಲು ಎತ್ತಿ ಇಟ್ಟು ಓಡಾಡುತ್ತವೆ. ಬೇರುಗಳ ನಡುವೆ ಪ್ಲಾಸ್ಟಿಕ್ಕೂ ಸಿಕ್ಕಿಕೊಂಡಿರುತ್ತದೆ, ಅದನ್ನೂ ನೋಡಬೇಕಾಗುತ್ತದೆ. ಇಳಿತದ ಹೊತ್ತಿಗೆ ಕೆಸರಿನ ವಾಸನೆ ಬರುತ್ತದೆ. ಕರಾವಳಿಯವರಿಗೆ ಅದು ಗೊತ್ತೇ ಆಗುವುದಿಲ್ಲ, ಬಯಲುಸೀಮೆಯವರು ಮೂಗು ಮುಚ್ಚುತ್ತಾರೆ. ಉತ್ತರಕ್ಕೆ ಹೋದಂತೆ ಖಾರ್ ದಾಂಡಾದ ಕೋಳಿವಾಡಾ, ಅಂದರೆ ಮೀನುಗಾರರ ಕೇರಿ ಬರುತ್ತದೆ, ಅಲ್ಲಿ ಮೀನಿನ ವಾಸನೆಯೂ ಸೇರಿಕೊಳ್ಳುತ್ತದೆ.

ಪುಟ್ಟ ಮಕ್ಕಳಿದ್ದವರಿಗೆ, ನಾಯಿ ಸಾಕಿದವರಿಗೆ ನಾನು ಹೇಳುವುದು ಕಾರ್ಟರ್ ರೋಡ್. ಬಂಡೆಗೆ ಇಳಿಯುವ ಆಸೆ ಹುಟ್ಟಿಸುವುದಿಲ್ಲ, ಕೂರಲು ಬೆಂಚು ಇವೆ, ರಸ್ತೆಯ ಆಚೆ ತಿನ್ನಲು ಏನು ಬೇಕಾದರೂ ಸಿಗುತ್ತದೆ. ದಕ್ಷಿಣದ ಕೊನೆಗೆ ಜಾಗರ್ಸ್ ಪಾರ್ಕ್ ಇದೆ, ಅಲ್ಲಿ ಮಣ್ಣಿನ ಟ್ರ್ಯಾಕ್ ಮೇಲೆ ನಡೆಯಬಹುದು. ಗಟ್ಟಿ ನೆಲದಲ್ಲಿ ನಡೆದರೆ ಹಿಮ್ಮಡಿ ನೋಯುವವರಿಗೆ ಅದೇ ವಾಸಿ. ತೆರೆದ ಸಮುದ್ರವೇ ಬೇಕು ಅನ್ನುವವರಿಗೆ ಮಾತ್ರ ಇಲ್ಲಿ ನಿರಾಸೆ. ಗಿಡಗಳು ಸಾಕಷ್ಟು ಕಡೆ ನೋಟಕ್ಕೆ ಅಡ್ಡ ಬರುತ್ತವೆ. ಅದರ ಮೇಲೆ ವರ್ಸೋವಾ-ಬಾಂದ್ರಾ ಸೀ ಲಿಂಕಿನ ಕೆಲಸವೂ ಈ ಕಡೆಯೇ ನಡೆದಿದೆ.

ಉಳಿದವು, ಚುಟುಕಾಗಿ

ದಾದರ್ ಚೈತ್ಯಭೂಮಿ ಪಕ್ಕ ಒಂದು ವೀಕ್ಷಣಾ ಕಟ್ಟೆ ಇದೆ, ಮಾತಾ ರಮಾಬಾಯಿ ಅಂಬೇಡ್ಕರ್ ಹೆಸರಿನದು. ನಡೆಯಲು ಅಲ್ಲ, ನಿಂತು ನೋಡಲು. ಶಿವಾಜಿ ಪಾರ್ಕ್‌ನಲ್ಲಿ ಸುತ್ತು ಹಾಕಿ ಕೊನೆಗೆ ಇಲ್ಲಿ ಬಂದು ನಿಂತರೆ ಸೀ ಲಿಂಕ್ ಎದುರಿಗೇ. ಡಿಸೆಂಬರ್ 6ರ ಆಸುಪಾಸಿನಲ್ಲಿ ಇಡೀ ಪ್ರದೇಶ ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನಕ್ಕೆ ಬಂದವರಿಂದ ತುಂಬಿರುತ್ತದೆ.

ಗೇಟ್‌ವೇ ಆಫ್ ಇಂಡಿಯಾ ಕಡೆಯ ದಡ ಮೋಟು, ಜನವೂ ಜಾಸ್ತಿ. ಆದರೆ ಈ ಪಟ್ಟಿಯಲ್ಲಿ ಪೂರ್ವಕ್ಕೆ ಮುಖ ಮಾಡಿದ್ದು ಅದೊಂದೇ. ಸೂರ್ಯ ನೀರಿನ ಕಡೆಯಿಂದ ಏಳುವುದನ್ನು ನೋಡಬೇಕು ಅಂದರೆ ಬೆಳಗಿನ ಮೊದಲ ಲೋಕಲ್‌ಗಳಲ್ಲಿ ಹೊರಟು ಅಲ್ಲಿಗೇ ಹೋಗಬೇಕು. ಊರಿನ ರೂಢಿಯಲ್ಲಿ ನಾಲ್ಕೂವರೆಗೆ ಏಳುವ ಮಾವಂದಿರು ಇದ್ದರೆ ಇದು ಅವರಿಗೆ.

ಮಲಬಾರ್ ಹಿಲ್‌ನಲ್ಲಿ ಮರಗಳ ನಡುವೆ ಹಲಗೆಯ ದಾರಿ ಮಾಡಿದ್ದಾರೆ. 485 ಮೀಟರ್ ಉದ್ದ, 2025ರ ಮಾರ್ಚ್ ಕೊನೆಗೆ ತೆರೆದದ್ದು, ಟಿಕೆಟ್ 25 ರೂಪಾಯಿ. ಒಂದು ತುದಿಯಲ್ಲಿ ಗಿರಗಾಂವ್ ಚೌಪಾಟಿಯ ಕಡೆ ಸಮುದ್ರ ಕಾಣುತ್ತದೆ. ಅದು ಕಾಡಿನ ನಡಿಗೆ, ಸಮುದ್ರ ಉಪ್ಪಿನಕಾಯಿ ಇದ್ದಷ್ಟು. ನಡು ಮಧ್ಯಾಹ್ನ ಹೊರಗೆ ಹೋಗಲೇಬೇಕು ಅನ್ನುವ ದಿನ ನೆರಳಿಗೆ ಇದು ಚೆನ್ನ. ರಜಾ ದಿನವಾದರೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಕೊಳ್ಳಿ.

ಹೊತ್ತು ನೋಡಿ ಹೊರಡಿ

ಸೂರ್ಯ ಮುಳುಗುವ ಹೊತ್ತು ಮುಂಬೈಯಲ್ಲಿ ಜೂನ್ ಕೊನೆಗೆ ಸುಮಾರು 7:20, ನವೆಂಬರ್ ಕೊನೆಗೆ ಆರು ಗಂಟೆ. ಅಂದರೆ ಚಳಿಗಾಲದಲ್ಲಿ ಆಫೀಸು ಮುಗಿಸಿ ಹೋಗಿ ಸೂರ್ಯನನ್ನು ಹಿಡಿಯುವುದು ಕನಸು.

ಉಬ್ಬರ-ಇಳಿತಕ್ಕೆ ಆ್ಯಪ್ ಇದೆ, ಆದರೆ ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರೇ ಸಾಕು. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ದೊಡ್ಡ ಉಬ್ಬರ ಬರುವುದು ನಡುಹಗಲು ಮತ್ತು ನಡುರಾತ್ರಿಯ ಹೊತ್ತಿಗೆ. ಹಾಗಾಗಿ ಆ ದಿನಗಳ ಸಂಜೆ ಆರರ ಸುಮಾರಿಗೆ ನೀರು ಚೆನ್ನಾಗಿ ಹಿಂದೆ ಸರಿದಿರುತ್ತದೆ. ದಿನಕ್ಕೆ ಮುಕ್ಕಾಲು ಗಂಟೆಯ ಆಸುಪಾಸು ಮುಂದೆ ಹೋಗುತ್ತ, ಅಷ್ಟಮಿಯ ಹೊತ್ತಿಗೆ ಸಂಜೆಯೇ ಉಬ್ಬರ ಬರುತ್ತದೆ. ಅದು ಸಣ್ಣ ಉಬ್ಬರ, ಆರ್ಭಟ ಇಲ್ಲ. ಇದನ್ನು ಹೀಗೆ ಬಳಸಿಕೊಳ್ಳಿ: ಬ್ಯಾಂಡ್‌ಸ್ಟ್ಯಾಂಡಿನ ಬಂಡೆ, ಕಾರ್ಟರ್ ರೋಡಿನ ಬೇರು ನೋಡಬೇಕಾದರೆ ಹುಣ್ಣಿಮೆ, ಅಮಾವಾಸ್ಯೆಯ ಸಂಜೆ. ಮರೀನ್ ಡ್ರೈವ್ ಕಟ್ಟೆಯ ಕೆಳಗೆ ನೀರು ಆಡುತ್ತಿರಬೇಕು ಅಂದರೆ ಅಷ್ಟಮಿಯ ಸಂಜೆ. ಹುಣ್ಣಿಮೆಯ ಚಂದ್ರ ಮಾತ್ರ ಸಮುದ್ರದ ಮೇಲೆ ಹುಟ್ಟುವುದಿಲ್ಲ. ಪಶ್ಚಿಮದ ದಡಗಳಲ್ಲಿ ಅದು ನಿಮ್ಮ ಬೆನ್ನ ಹಿಂದೆ ಕಟ್ಟಡಗಳ ಮೇಲಿಂದ ಬರುತ್ತದೆ.

ಮಳೆಗಾಲದಲ್ಲಿ ಜನ ಅಲೆ ಮೈಮೇಲೆ ಹಾರಿಸಿಕೊಳ್ಳಲೆಂದೇ ಮರೀನ್ ಡ್ರೈವ್‌ಗೆ ಹೋಗುತ್ತಾರೆ. ನಾಲ್ಕೂವರೆ ಮೀಟರ್ ದಾಟುವ ಉಬ್ಬರದ ದಿನಗಳನ್ನು ಮಹಾನಗರ ಪಾಲಿಕೆ ಮೊದಲೇ ತಿಳಿಸುತ್ತದೆ. ಆ ದಿನ ಪೊಲೀಸರು ಸೀಟಿ ಊದಿ ಕಟ್ಟೆಯಿಂದ ದೂರ ಕಳಿಸುತ್ತಾರೆ. ರಸ್ತೆ ದಾಟಿ ಆಚೆ ಬದಿಯ ಫುಟ್‌ಪಾತ್‌ನಿಂದ ನೋಡಿ, ನೋಟ ಏನೂ ಕಮ್ಮಿಯಾಗುವುದಿಲ್ಲ. ಆ ಅಲೆ ಬರೀ ನೀರು ತರುವುದಿಲ್ಲ, ನಾವು ಸಮುದ್ರಕ್ಕೆ ಎಸೆದ ಕಸವನ್ನೂ ವಾಪಸ್ ಎಸೆಯುತ್ತದೆ.

ಗಾಳಿಯ ಲೆಕ್ಕವೂ ಇದೆ. ಚಳಿಗಾಲದ ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ, ಊರಿನ ಧೂಳು, ಹೊಗೆಯೆಲ್ಲ ದಡದಲ್ಲೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಸಮುದ್ರದ ಕಡೆಯಿಂದ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಉಬ್ಬಸದವರು ಬೆಳಗಿನ ವಾಕಿಂಗ್ ಬಿಟ್ಟು ಸಂಜೆ ಹೋಗುವುದು ಮೇಲು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿಬಿಡಿ.

ಹಾಗಾದರೆ ಯಾವುದು?

ಮೊದಲ ಸಲ ಮುಂಬೈಗೆ ಬಂದವರಿಗೆ, ವಯಸ್ಸಾದವರಿಗೆ ಮರೀನ್ ಡ್ರೈವ್ ಬಿಟ್ಟು ಬೇರೆ ಹುಡುಕಬೇಡಿ. ಆದರೆ ಪೂರ್ತಿ ನಡೆಸಬೇಡಿ, ಚರ್ಚ್‌ಗೇಟ್‌ನಲ್ಲಿ ಇಳಿದು ನರೀಮನ್ ಪಾಯಿಂಟ್ ಕಡೆಯ ಅರ್ಧ ಸಾಕು. ವಾಪಸ್ ಬರುವಾಗ ಕೆ. ರುಸ್ತುಮ್‌ನಲ್ಲಿ ಎರಡು ಬಿಸ್ಕತ್ತಿನ ನಡುವೆ ಇಟ್ಟುಕೊಡುವ ಐಸ್‌ಕ್ರೀಮ್ ತಿನ್ನಿಸಿ. ಒಬ್ಬರೇ ಹೆಣ್ಣುಮಕ್ಕಳು ರಾತ್ರಿ ಎಂಟರ ಮೇಲೆ ನಡೆಯುವುದಾದರೂ ನನ್ನ ಉತ್ತರ ಇದೇ, ದೀಪ ಮತ್ತು ಜನ ಎರಡೂ ತಡರಾತ್ರಿವರೆಗೆ ಇರುತ್ತವೆ.

ತೂಕ ಇಳಿಸಬೇಕು ಅಂತ ಹಟ ಹಿಡಿದವರಿಗೆ ಕೋಸ್ಟಲ್ ರೋಡ್. ಹತ್ತು-ಹನ್ನೆರಡು ವರ್ಷದ ಮಕ್ಕಳಿದ್ದರೆ ಮಳೆಗಾಲ ಬಿಟ್ಟು ಬ್ಯಾಂಡ್‌ಸ್ಟ್ಯಾಂಡ್, ಕೈ ಹಿಡಿದುಕೊಳ್ಳಬೇಕಾದ ಮಕ್ಕಳಿದ್ದರೆ ಕಾರ್ಟರ್ ರೋಡ್. ಒಂದೇ ಸಂಜೆಯಲ್ಲಿ ಬಾಂದ್ರಾದ ಎರಡನ್ನೂ ಮುಗಿಸುವ ಯೋಚನೆ ಇದ್ದರೆ ನಡುವೆ ರಿಕ್ಷಾ ಹಿಡಿಯಿರಿ, ಆ ನಡುವಿನ ರಸ್ತೆಯಲ್ಲಿ ಟ್ರಾಫಿಕ್ಕಿನ ಜೊತೆ ನಡೆಯುವುದರಲ್ಲಿ ಸುಖ ಇಲ್ಲ.

ನನಗೆ? ವಾರದ ನಡುವೆ ಬೆಳಗ್ಗೆ ವರ್ಲಿ. ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಮಾಟುಂಗಾ ದೂರ ಇಲ್ಲ. 1940ರಿಂದ ನಡೆಯುತ್ತಿರುವ ಕೆಫೆ ಮದ್ರಾಸ್‌ನಲ್ಲಿ ಬಿಸಿ ಬಿಸಿ ರವೆ ದೋಸೆ ಸಿಗುತ್ತದೆ. ಭಾನುವಾರವಾದರೆ ನಡಿಗೆ ಬೇಗ ಮುಗಿಸಿ, ತಡವಾದರೆ ಹೊರಗೆ ಬೋರ್ಡಿನಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ.